‘ಎಲ್ಲರೂ ಹಾಗೆಯೇ’ ಎಂಬ ನುಡಿ

ಊರ ಕಟ್ಟೆಯ ಮೇಲೆ, ಮದುವೆಯ ಪಂಕ್ತಿಯಲ್ಲಿ, ಒಮ್ಮೊಮ್ಮೆ ದಾಸೋಹದ ಸಾಲಿನಲ್ಲಿಯೂ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಅವರೆಲ್ಲ ಹಾಗೆಯೇ.’ ಒಬ್ಬ ಹುಡುಗ ಹಿರಿಯರಿಗೆ ಎದುರಾಡಿದರೆ ಈಗಿನ ಹುಡುಗರೆಲ್ಲ ಕೆಟ್ಟರು. ಒಬ್ಬ ಸೊಸೆ ಮನೆ ಬಿಟ್ಟರೆ ಓದಿದ ಹೆಣ್ಣುಮಕ್ಕಳೆಲ್ಲ ಹೀಗೆ. ಸಾಲ ಪಡೆದವನೊಬ್ಬ ಮಾತಿಗೆ ತಪ್ಪಿದರೆ ಅವನ ಜಾತಿಯೇ ಅಂಥದು. ‘ಎಲ್ಲ’ ಎಂಬ ಎರಡಕ್ಷರ ಸಾಕು, ‘ಏ’ ಎಂಬ ಒಂದಕ್ಷರವಾದರೂ ಸಾಕು; ಕಂಡ ಒಬ್ಬನ ತಪ್ಪು ಕಾಣದ ಸಾವಿರ ಜನರ ಕೊರಳಿಗೆ ಸುತ್ತಿಕೊಳ್ಳುತ್ತದೆ.

ಇದಕ್ಕೆ ಸಮರ್ಥನೆಯೂ ಸಿದ್ಧವಾಗಿಯೇ ಇರುತ್ತದೆ. ಅನ್ನ ಬೆಂದಿತೋ ಇಲ್ಲವೋ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಲದೆ ಎಂದು ಕೇಳುವವರುಂಟು. ಅನ್ನಕ್ಕೆ ಅದು ಸರಿ. ಒಂದೇ ಅಕ್ಕಿ, ಒಂದೇ ಎಸರು, ಒಂದೇ ಉರಿ. ಮನುಷ್ಯರಾದರೋ ಒಂದೇ ಪಾತ್ರೆಯಲ್ಲಿ ಬೆಂದವರಲ್ಲ. ಒಂದೇ ತಾಯಿಯ ಮಕ್ಕಳಿಬ್ಬರ ಗುಣವೇ ಬೇರೆ ಬೇರೆಯಾಗಿರುತ್ತದೆ.

‘ಕಳ್ಳರು ಎಂದಿಗೂ ಕಳ್ಳರೇ’ ಎಂದು 12ನೆಯ ಶತಮಾನದ ಶರಣರು ಕದ ಮುಚ್ಚಿಕೊಂಡಿದ್ದರೆ ವಚನಕಾರರ ಸಾಲಿನಲ್ಲಿ ಕನ್ನದ ಮಾರಿತಂದೆಗಳು ಇರುತ್ತಿರಲಿಲ್ಲ. ಗೋಡೆಗೆ ಕನ್ನ ಕೊರೆಯುವ ಹಿಂದಿನ ವೃತ್ತಿ ಅವರ ಹೆಸರಿನಲ್ಲಿಯೇ ಉಳಿದಿದೆ. ಉರಿಲಿಂಗಪೆದ್ದಿಗಳು ಕಳವಿಗೆಂದು ಹೋದವರು ಗುರುವಿಗೆ ಶರಣಾದರೆಂದು ಪರಂಪರೆ ಹೇಳುತ್ತದೆ. ಹಾಗೆಂದು ಶರಣರು ಮೃದುವಾಗಿಯೇ ನುಡಿದವರೆಂದಲ್ಲ. ಅಂಬಿಗರ ಚೌಡಯ್ಯನವರಷ್ಟು ಬಿರುಸಾಗಿ ಬೈದವರು ವಿರಳ. ಆದರೆ ಅವರು ತಮ್ಮ ಹೆಸರನ್ನೇ ವಚನದ ಅಂಕಿತವಾಗಿ ಇಟ್ಟುಕೊಂಡರು. ಆಡಿದ ಮಾತಿಗೆ ಆಡಿದವರೇ ಹೊಣೆ. ‘ಎಲ್ಲರೂ ಹಾಗೆಯೇ’ ಎಂಬ ಮಾತಿಗೆ ಅಂಕಿತವಿಲ್ಲ, ಹೊಣೆಗಾರನೂ ಇಲ್ಲ.

ಹೊತ್ತು ಕಳೆಯಲು ಆಡುವ ಮಾತಿಗೆ ಇಷ್ಟು ವಿಚಾರವೇಕೆ ಎನ್ನಬಹುದು. ಇಂಥದೇ ಮಾತು ಒಮ್ಮೆ ಈ ದೇಶದಲ್ಲಿ ಕಾಯಿದೆಯಾಗಿತ್ತು. 1871ರಲ್ಲಿ ಬ್ರಿಟಿಷ್ ಸರಕಾರ ಜಾರಿಗೆ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಡಿಯ ಸಮುದಾಯಗಳನ್ನೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಅವರಲ್ಲಿ ಯಾರು ಏನು ಮಾಡಿದರೆಂಬ ವಿಚಾರಣೆ ಬೇಕಿರಲಿಲ್ಲ, ಆ ಕುಲದಲ್ಲಿ ಹುಟ್ಟಿದ್ದೇ ಸಾಕಾಗಿತ್ತು. ಪೊಲೀಸರಲ್ಲಿ ಹೆಸರು ಬರೆಸಬೇಕು, ಹಾಜರಿ ಕೊಡಬೇಕು, ಅಪ್ಪಣೆಯಿಲ್ಲದೆ ಊರು ಬಿಡಬಾರದು. ಮುಂದೆ ಹುಬ್ಬಳ್ಳಿ, ವಿಜಯಪುರಗಳಲ್ಲಿ ಇಂಥವರಿಗಾಗಿಯೇ ಸೆಟ್ಲ್‌ಮೆಂಟುಗಳು ಎದ್ದವು. ಕಳವೆಂದರೇನೆಂದು ಅರಿಯದ ಎಳೆಯ ಮಕ್ಕಳೂ ಅವುಗಳೊಳಗೆ ಬೆಳೆದರು.

ಆ ಕಾಯಿದೆ 1952ರಲ್ಲಿ ರದ್ದಾಯಿತು; ಅದರಿಂದ ಬಿಡುಗಡೆ ಹೊಂದಿದವರಿಗೆ ‘ವಿಮುಕ್ತ’ರೆಂಬ ಹೆಸರು ಬಂದಿತು. ಎಪ್ಪತ್ತು ವರ್ಷಗಳು ಕಳೆದಿವೆ. ಇಂದಿಗೂ ಊರಿನಲ್ಲಿ ಕಳವಾದರೆ, ಯಾರೊಬ್ಬರೂ ಏನನ್ನೂ ಕಂಡಿರದಿದ್ದರೂ, ‘ಅದು ಅವರದೇ ಕೆಲಸ’ ಎಂಬ ಮಾತು ಮೊದಲು ಹೋಗಿ ನಿಲ್ಲುವುದು ಅವರ ಗುಡಿಸಲುಗಳ ಬಾಗಿಲಿನಲ್ಲಿಯೇ.