ಬಂಡೆಗೂ ಸವಕಳಿ ಐತಿ (ಭಾಗ 4)

ಓಂ ಬೀಚಿನ ಬಂಡೆ ತುದಿಗೆ ಕೈ ಚಾಚಿ ನಿಂತು, ಕೆಳಗ "ಕಲ್ಲಿನಂಗ ಗಟ್ಟಿ" ಅಂತ ಬರೀತೀರಲ್ಲ, ಸ್ವಲ್ಪ ನಿಲ್ರಿ. ಆ ಕಲ್ಲೂ ಗಟ್ಟಿ ಅಲ್ಲ.

ಗೋಕರ್ಣದ ಆ ಬೀಚಿನಾಗ ನಡುವ ಬಂಡೆ ಸಮುದ್ರಕ್ಕ ಚಾಚೈತಿ, ಎರಡೂ ಕಡೆ ಅರ್ಧಚಂದ್ರದಂಥ ಉಸುಕಿನ ದಂಡೆ. ಅಲೆಗಳು ದಡದ ಹತ್ತಿರ ಬಾಗಿ, ತಮ್ಮ ಶಕ್ತಿಯನ್ನ ಚಾಚಿದ ಬಂಡೆ ಮ್ಯಾಲೆ ಸುರೀತಾವ. ಒಳಬಾಗಿದ ಕಡೆ ಅದೇ ಶಕ್ತಿ ಹರಡಿ ತಗ್ಗತೈತಿ, ಅದಕ್ಕ ಅಲ್ಲಿ ಉಸುಕು ನಿಲ್ಲತೈತಿ. ಅಂದ್ರ ನಾವು ಸೆಲ್ಫಿಗೆ ಆರಿಸೋ ಜಾಗಾನ ಅಲೆ ಹೊಡೆತಕ್ಕ ಆರಿಸಿದ ಜಾಗ!

ಒಂದು ಘನ ಮೀಟರ್ ಸಮುದ್ರದ ನೀರು ಸುಮಾರು 1,025 ಕೆಜಿ. ಒಂದು ಟನ್ ಕಬ್ಬು ಎತ್ತಿ ಒಗದಂಗ. ಆ ನೀರು ಬಿರುಕಿನೊಳಗಿನ ಗಾಳಿಯನ್ನ ಒತ್ತಿ ಕಲ್ಲು ಸೀಳತೈತಿ, ಹರಳು ತಂದು ಬುಡ ಉಜ್ಜತೈತಿ. ಬುಡ ಟೊಳ್ಳಾದ ಮ್ಯಾಲೆ ಮೇಲಿನ ಭಾಗ ಒಮ್ಮೆಲೇ ಕುಸಿಯುತ್ತದೆ.

ನಾನು ಬಿಕಾಂ. ನಮ್ಮ ಲೆಕ್ಕದಾಗ ಸವಕಳಿಯನ್ನ ಪ್ರತಿ ವರ್ಷ ಸಮನಾಗಿ ಬರೀಬಹುದು. ಸಮುದ್ರ ಹಂಗ ಬರಿಯೂದಿಲ್ಲ. ವರ್ಷಗಟ್ಟಲೆ ಏನೂ ಆಗಿಲ್ಲ ಅನಸತೈತಿ, ಒಂದಿನ ಆಸ್ತಿನ ಇರೂದಿಲ್ಲ. ಮಾಲ್ಟಾದ ಅಜೂರ್ ವಿಂಡೋ ಅನ್ನೋ ಕಲ್ಲಿನ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಬಿತ್ತು. ಆಸ್ಟ್ರೇಲಿಯಾದ ಲಂಡನ್ ಬ್ರಿಡ್ಜ್ ಕಮಾನು 1990ರಲ್ಲಿ ಕುಸಿದಾಗ ಇಬ್ಬರು ಪ್ರವಾಸಿಗರು ತುದಿಯಲ್ಲೇ ಸಿಕ್ಕಿಬಿದ್ದರು. ಅವರನ್ನ ಕರಕೊಂಡು ಬರಾಕ ಹೆಲಿಕಾಪ್ಟರ್ ಬೇಕಾತು.

"ಇಷ್ಟು ವರ್ಷ ನಿಂತ ಬಂಡೆ ನಾ ನಿಂತ ಹತ್ತು ನಿಮಿಷದಾಗ ಬೀಳತೈತೇನು?" ಅಂತೀರಿ. ಬೀಳದೇ ಇರಬಹುದು. ಆದ್ರ ಬಂಡೆನ ಕಡಿಯೋ ಅಲೆಗೆ ನಿಮ್ಮ ಎರಡು ಕಾಲು ಯಾವ ಲೆಕ್ಕ?

ಏಕಸಂಬಿಯವರು ನಾವು, ದೂಧಗಂಗಾ ನೋಡಿ ಬೆಳೆದವರು. ಹೊಳಿ ನೀರು ಏರೂದು ಕಣ್ಣಿಗೆ ಕಾಣತೈತಿ, ಸಾಮಾನು ಎತ್ತಿಡಾಕ ವ್ಯಾಳ್ಯಾ ಸಿಗತೈತಿ. ಸಮುದ್ರದಾಗ ಸಣ್ಣ ಅಲೆಗಳ ಬೆನ್ನಿಗೇ ದೊಡ್ಡದೊಂದು ಬಂದುಬಿಡತೈತಿ. ಈಜು ಬರತೈತಿ ಅನ್ನೋ ಧೈರ್ಯ ಕಲ್ಲಿಗೆ ತಲಿ ಬಡದಾಗ ಕೆಲಸಕ್ಕ ಬರೂದಿಲ್ಲ.

ಶಾಲ್ಯಾಗ ಅಲೆಗಳ ಸವೆತ ಅಂತ ಎರಡು ಮಾರ್ಕಿಗೆ ಬಾಯಿಪಾಠ ಮಾಡಿದ್ವಿ. ಟ್ರಿಪ್ಪಿಗೆ ರೊಕ್ಕ ಕೂಡಿಸಿದ್ವಿ, ಬಸ್ಸಿನಾಗ ಹಾಕೋ ಹಾಡು ಆರಿಸಿದ್ವಿ. ಉಬ್ಬರ ಎಷ್ಟೊತ್ತಿಗೆ ಅಂತ ಒಬ್ಬರಾದ್ರೂ ಕೇಳಿದ್ವೇನು? ಕರಕೊಂಡು ಹೋದವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಇದು ವಿಧಿ ಅಲ್ರಿ, ನಮ್ಮ ಉಡಾಫೆ.

ಬಂಡೆ ತೊಯ್ದಿದ್ರ, ಪಾಚಿ ಕಟ್ಟಿದ್ರ ಅಲ್ಲೀತನಕ ಅಲೆ ಬರತೈತಿ ಅಂತ ಅರ್ಥ. ಹಿಂದ ನಿಂತ್ರೂ ಫೋಟೋ ಚಂದ ಬರತೈತಿ.

ಲೈಕ್ ಬ್ಯಾಡ. ನಿಮ್ಮ ಟ್ರಿಪ್ ಗ್ರೂಪಿಗೆ ಕಳಸ್ರಿ.

#ಏಕಸಂಬಿ #ಗೋಕರ್ಣ #ಬಂಡೆಗೂಸವಕಳಿಐತಿ