ಶಾಲು ಹೊದೆಸಿದರೆ ಪುಸ್ತಕ ಖರ್ಚಾಗುವುದಿಲ್ಲ

ಬಿಡುಗಡೆ ಸಮಾರಂಭದಿಂದ ಪುಸ್ತಕ ಮಾರಾಟವಾಗುವುದಿಲ್ಲ, ಲೇಖಕರು ವೇದಿಕೆ ಇಳಿದು ಓದುಗರ ಎದುರು ಕೂರಬೇಕು ಎಂದು ನಾನು ಬರೆದದ್ದು ಹಲವರಿಗೆ ಹಿಡಿಸಿಲ್ಲ. ಬಂದ ಪತ್ರಗಳಲ್ಲಿ ಕೆಲವು ಬರೀ ಬೈಗುಳ, ಅವುಗಳನ್ನು ಬದಿಗಿಡೋಣ. ಉಳಿದವುಗಳಲ್ಲಿ ವಾದವಿದೆ. ಬಹಳ ವರ್ಷ ಇಂಥ ಸಭೆಗಳ ಬಾಗಿಲಲ್ಲಿ ಪುಸ್ತಕದ ಮೇಜು ಹಾಕಿಕೊಂಡು ಕೂತವನು ನಾನು. ಆ ಅನುಭವದ ಬಲದ ಮೇಲೆ ಉತ್ತರಿಸುತ್ತೇನೆ.

ತನ್ನ ಪುಸ್ತಕವನ್ನು ತಾನೇ ಮಾರುವುದು ಲೇಖಕನ ಘನತೆಗೆ ತಕ್ಕದ್ದಲ್ಲ ಎನ್ನುವುದು ಮೊದಲ ಆಕ್ಷೇಪ. ಹೀಗೆ ಬರೆದವರು ಕನ್ನಡ ಮೇಷ್ಟ್ರು, ಅದೇ ಆಶ್ಚರ್ಯ. ಹಾವೇರಿ ಸೀಮೆಯ ವೆಂಕಟೇಶ ತಿರಕೋ ಕುಲಕರ್ಣಿ, ಅಂದರೆ ಕಾದಂಬರಿಕಾರ ಗಳಗನಾಥರು (1869–1942), ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಸಂಗತಿಯನ್ನು ಆ ಮೇಷ್ಟ್ರೇ ತರಗತಿಯಲ್ಲಿ ಹೇಳಿರುತ್ತಾರೆ. ಮರಾಠಿಯ ಹಿಡಿತ ಬಿಗಿಯಾಗಿದ್ದ ಆ ಕಾಲದ ಮುಂಬೈ ಕರ್ನಾಟಕದಲ್ಲಿ ಕನ್ನಡ ಕಾದಂಬರಿ ಓದುವವರು ತಾವಾಗಿ ಹುಟ್ಟಿಕೊಳ್ಳಲಿಲ್ಲ, ಯಾರೋ ಮನೆಬಾಗಿಲಿಗೆ ಹೋಗಿ ಅವರನ್ನು ಹುಟ್ಟಿಸಬೇಕಾಯಿತು. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ ಜಿ.ಬಿ. ಜೋಶಿಯವರು ‘ಜಡಭರತ’ ಎಂಬ ಹೆಸರಿನ ನಾಟಕಕಾರರೂ ಹೌದು. ಚಂದಾದಾರರನ್ನು ನಂಬಿ ಬೆಳೆದ ಆ ಗ್ರಂಥಮಾಲೆಯಿಂದಲೇ ಮುಂದೆ ಅನಂತಮೂರ್ತಿಯವರ ‘ಸಂಸ್ಕಾರ’ ಬಂತು, ಕಾರ್ನಾಡರ ನಾಟಕಗಳು ಬಂದವು. ಅವರಿಗೆಲ್ಲ ಇಲ್ಲದ ಸಂಕೋಚ ಇಂದಿನವರಿಗೆ ಎಲ್ಲಿಂದ ಅಂಟಿಕೊಂಡಿತು? ಹಣ್ಣಿನ ಬುಟ್ಟಿ ಹಿಡಿದು ಫೋಟೊಕ್ಕೆ ನಿಲ್ಲುವಾಗ ಹೋಗದ ಮಾನ, ಇನ್ನೂರು ರೂಪಾಯಿ ತೆಗೆದುಕೊಂಡು ಚಿಲ್ಲರೆ ಕೊಡುವಾಗಲೂ ಹೋಗುವುದಿಲ್ಲ.

ಇನ್ನೊಬ್ಬರು ದೊಡ್ಡ ಹೆಸರುಗಳನ್ನೇ ಮುಂದಿಟ್ಟಿದ್ದಾರೆ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆ ಬಿಟ್ಟು ಸಭೆ ಸಮಾರಂಭ ಅಂತ ಅಲೆದವರಲ್ಲ. ಭೈರಪ್ಪನವರ ‘ಆವರಣ’ 2007ರಲ್ಲಿ ಬಂದಾಗ ಬಿಡುಗಡೆಗೆ ಮೊದಲೇ ಮೊದಲ ಮುದ್ರಣ ಮುಗಿದಿತ್ತು. ಒಳ್ಳೆಯ ಪುಸ್ತಕಕ್ಕೆ ಲೇಖಕ ಎದುರಿಗೆ ಬರುವ ಅಗತ್ಯವೇ ಇಲ್ಲ ಎಂಬುದು ಅವರ ವಾದ. ಎರಡೂ ಸಂಗತಿ ನಿಜ, ಅವುಗಳಿಂದ ತೆಗೆದ ತೀರ್ಮಾನ ಮಾತ್ರ ತಪ್ಪು. ‘ವಂಶವೃಕ್ಷ’ ಬಂದದ್ದು 1965ರಲ್ಲಿ, ‘ಪರ್ವ’ 1979ರಲ್ಲಿ. ‘ಆವರಣ’ದ ಹೊತ್ತಿಗೆ ಭೈರಪ್ಪನವರಿಗಾಗಿ ಕಾದು ಕೂತ ಓದುಗರು ಎರಡು ತಲೆಮಾರಿನವರಿದ್ದರು. ಜೊತೆಗೆ, ಓದುಗರೊಡನೆ ಸಂವಾದಕ್ಕೆ ಕೂರುವುದನ್ನು ಅವರು ಬಿಟ್ಟವರೂ ಅಲ್ಲ. ತೇಜಸ್ವಿಯವರನ್ನು ‘ಲಂಕೇಶ್ ಪತ್ರಿಕೆ’ ಓದುಗರ ಮನೆಗೇ ಕರೆದುಕೊಂಡು ಹೋಗುತ್ತಿತ್ತು. ಮೊದಲ ಕಥಾಸಂಕಲನದ ಐನೂರು ಪ್ರತಿ ಅಚ್ಚು ಹಾಕಿಸಿ ಅಟ್ಟದ ಮೇಲೆ ಜೋಡಿಸಿಟ್ಟ ಹುಡುಗನಿಗೆ ಇವರಿಬ್ಬರ ಉದಾಹರಣೆ ಕೊಟ್ಟು ಪ್ರಯೋಜನವೇನು?

ಈಗ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ‘ನಮ್ಮ ಸಮಾರಂಭದಲ್ಲಿ ಒಂದೇ ದಿನ ನೂರು ಪ್ರತಿ ಹೋಯಿತು, ನೀವು ಹೇಗೆ ಮಾರಾಟವಾಗುವುದಿಲ್ಲ ಅನ್ನುತ್ತೀರಿ?’ ಎಂದು ಒಬ್ಬ ಪ್ರಕಾಶಕ ಮಿತ್ರರು ಸವಾಲು ಹಾಕಿದ್ದಾರೆ. ಹೋಗಿರಬಹುದು. ಕೊಂಡವರು ಯಾರು ಎಂದು ನೋಡಿದ್ದೀರಾ ಸ್ವಾಮಿ? ಮೇಜಿನ ಹಿಂದೆ ಕೂತವನಿಗೆ ಮುಖಗಳು ಕಾಣುತ್ತವೆ. ಲೇಖಕರ ಭಾವಮೈದುನ ಐದು ಪ್ರತಿ, ಆಫೀಸಿನವರೆಲ್ಲ ಸೇರಿ ಇಪ್ಪತ್ತು, ಇನ್ನು ಮುಂದಿನ ತಿಂಗಳು ತಮ್ಮ ಪುಸ್ತಕದ ಬಿಡುಗಡೆ ಇಟ್ಟುಕೊಂಡಿರುವ ಸಹಲೇಖಕರು ಒಂದೊಂದು. ಇದು ಮುಯ್ಯಿ. ಮುಯ್ಯಿ ಕೆಟ್ಟದ್ದಲ್ಲ, ಆದರೆ ಅದರಿಂದ ಒಬ್ಬ ಹೊಸ ಓದುಗನೂ ಹುಟ್ಟುವುದಿಲ್ಲ. ಉಳಿದದ್ದು ಗೌರವ ಪ್ರತಿ. ವೇದಿಕೆಯ ಮೇಲಿದ್ದವರಿಗೆ, ಮುಂದಿನ ಸಾಲಿನವರಿಗೆ, ‘ನಮಗೊಂದು ಕೊಡ್ರಿ’ ಎಂದು ಕೈ ಚಾಚಿದವರಿಗೆ.

ಸಭೆ ನಡೆಯುವ ರೀತಿಯನ್ನೇ ನೋಡಿ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ. ರಿಬ್ಬನ್ ಬಿಚ್ಚಿ ಪುಸ್ತಕವನ್ನು ಎದೆಗಿಟ್ಟುಕೊಂಡು ಕ್ಯಾಮೆರಾ ಕಡೆ ಮುಖ. ಕೃತಿ ಪರಿಚಯ ಮಾಡುವವರು ಕಥೆಯನ್ನೆಲ್ಲ ಕೊನೆಯ ಪುಟದವರೆಗೆ ಹೇಳಿಬಿಡುತ್ತಾರೆ, ಇಲ್ಲವೇ ಪುಸ್ತಕ ನಿನ್ನೆಯಷ್ಟೇ ಕೈಸೇರಿತು ಎಂದು ಮುನ್ನುಡಿಯನ್ನೇ ಮತ್ತೆ ಒಪ್ಪಿಸುತ್ತಾರೆ. ಅಧ್ಯಕ್ಷರು ಕನ್ನಡದ ಅಳಿವು ಉಳಿವಿನ ಬಗ್ಗೆ ಮುಕ್ಕಾಲು ಗಂಟೆ. ಕೊನೆಗೆ ಲೇಖಕರಿಗೆ ಎರಡು ನಿಮಿಷ, ಆ ಎರಡು ನಿಮಿಷವೂ ಕೃತಜ್ಞತೆಗೇ ಮುಗಿಯುತ್ತದೆ. ಆ ಇಡೀ ಸಂಜೆಯಲ್ಲಿ ಪುಸ್ತಕದೊಳಗಿನ ಒಂದು ವಾಕ್ಯವೂ ಸಭಿಕರ ಕಿವಿಗೆ ಬಿದ್ದಿರುವುದಿಲ್ಲ. ಉಪ್ಪಿಟ್ಟು, ಕೇಸರಿಬಾತು, ಕಾಫಿ ಇರುವುದು ಒಂದು ಬಾಗಿಲಲ್ಲಿ, ಪುಸ್ತಕದ ಮೇಜು ಇನ್ನೊಂದು ಬಾಗಿಲಲ್ಲಿ. ಜನ ಯಾವ ಕಡೆ ನಡೆಯುತ್ತಾರೆ ಅಂತ ನಾನು ಹೇಳಬೇಕಿಲ್ಲ.

ಲೆಕ್ಕವನ್ನೂ ಹಾಕೋಣ. ಇನ್ನೂರು ರೂಪಾಯಿ ಮುಖಬೆಲೆಯ ಪುಸ್ತಕದಲ್ಲಿ ಅಚ್ಚಿನ ಖರ್ಚು, ಅಂಗಡಿಯ ರಿಯಾಯಿತಿ ಕಳೆದು ಐವತ್ತು ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಸಭಾಂಗಣದ ಬಾಡಿಗೆ, ಆಹ್ವಾನಪತ್ರಿಕೆ, ಶಾಲು ಹಾರ, ಅತಿಥಿಗಳ ಕಾರು, ತಿಂಡಿ ಎಲ್ಲ ಸೇರಿ ಇಪ್ಪತ್ತೈದು ಸಾವಿರ ಆದರೆ, ಅದನ್ನು ತುಂಬಿಕೊಳ್ಳಲು ಐನೂರು ಪ್ರತಿ ಮಾರಬೇಕು. ಈಗ ಎಷ್ಟೋ ಪುಸ್ತಕಗಳ ಇಡೀ ಮುದ್ರಣವೇ ಅಷ್ಟಿರುವುದಿಲ್ಲ.

ಹಾಗಂತ ಸಮಾರಂಭವೇ ಬೇಡ ಎಂದು ನಾನು ಎಲ್ಲೂ ಬರೆದಿಲ್ಲ. ಬರೆದಿದ್ದೇನೆ ಎಂದು ಇಬ್ಬರು ದೂರಿದ್ದಾರೆ. ಸಣ್ಣ ಊರಿನಿಂದ ಮೊದಲ ಪುಸ್ತಕ ತಂದ ಹೆಣ್ಣುಮಗಳೊಬ್ಬಳು ತನ್ನ ತಾಯಿಯನ್ನು ವೇದಿಕೆ ಮೇಲೆ ಕೂರಿಸಿ ಸಂತೋಷಪಟ್ಟರೆ ಅದನ್ನು ಹೀಗಳೆಯುವವನು ನಾನಲ್ಲ. ಮಗುವಿಗೆ ಮಾಡುವಂತೆ ಪುಸ್ತಕಕ್ಕೂ ನಾಮಕರಣ ಮಾಡಿ, ಊಟ ಹಾಕಿ. ಅದನ್ನು ಪ್ರಚಾರದ ಖರ್ಚಿನಲ್ಲಿ ಬರೆಯಬೇಡಿ, ಅಷ್ಟೆ.

ಲೇಖಕ ಜನರೆದುರು ತನ್ನ ಬರಹವನ್ನು ಓದುವುದು ಇಂಗ್ಲಿಷ್ ಸಾಹಿತ್ಯೋತ್ಸವಗಳಿಂದ ಬಂದ ಹುಚ್ಚು, ನಮ್ಮ ಜಾಯಮಾನಕ್ಕೆ ಒಗ್ಗದು ಎಂದವರಿಗೆ ಏನು ಹೇಳುವುದು? ಗಮಕಿಗಳ ನಾಡು ಇದು. ಕುಮಾರವ್ಯಾಸನನ್ನು ಕಣ್ಣಿನಿಂದ ಓದಿದವರಿಗಿಂತ ಕಿವಿಯಿಂದ ಕೇಳಿದವರೇ ಹೆಚ್ಚು. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಸಾಹಿತ್ಯ ಸಮ್ಮೇಳನ ನಡೆದಾಗ ಬೇಂದ್ರೆ ‘ಹಕ್ಕಿ ಹಾರುತಿದೆ ನೋಡಿದಿರಾ’ ಓದಿ ಸಭೆಯನ್ನು ಗೆದ್ದರು. ಆ ಕವಿತೆ ನಾಡಿಗೆಲ್ಲ ಹಬ್ಬಿದ್ದು ಅವರ ದನಿಯ ಮೇಲೇರಿ.

ಆದರೆ ಈ ಆಕ್ಷೇಪದಲ್ಲಿ ಒಂದು ಎಳೆ ಸತ್ಯವಿದೆ. ಗದ್ಯವನ್ನು ಓದುವುದು ಕವಿತೆಯಷ್ಟು ಸುಲಭವಲ್ಲ. ಕಾದಂಬರಿಕಾರರು ತಲೆ ಬಗ್ಗಿಸಿ ಇಪ್ಪತ್ತು ನಿಮಿಷ ಓದಿದರೆ ಹಿಂದಿನ ಸಾಲಿನವರು ಮೊಬೈಲ್ ತೆಗೆಯುತ್ತಾರೆ. ನಾನು ಕಂಡಂತೆ ಫಲ ಕೊಡುವುದು ಇಷ್ಟು: ಐದಾರು ನಿಮಿಷ, ಮಾತುಕತೆ ಇರುವ ಒಂದು ಭಾಗ, ಪ್ರಸಂಗ ಕುತೂಹಲಕ್ಕೆ ಬಂದಲ್ಲಿ ನಿಲ್ಲಿಸುವ ಧೈರ್ಯ. ಮನೆಯಲ್ಲಿ ನಾಲ್ಕು ಸಲ ಗಟ್ಟಿಯಾಗಿ ಓದಿಕೊಂಡು ಬರಬೇಕು. ಹಾಗೆ ಓದಿದ ದಿನ ಮೇಜಿನ ಬಳಿ ಬಂದವರು ‘ಆಮೇಲೆ ಏನಾಯ್ತು?’ ಎಂದು ಕೇಳುತ್ತಲೇ ಜೇಬಿಗೆ ಕೈ ಹಾಕುತ್ತಾರೆ. ಭಾಷಣ ಕೇಳಿ ಬಂದವರು ‘ಚೆನ್ನಾಗಿ ಮಾತಾಡಿದರು’ ಎಂದು ಹೇಳಿ ಹೊರಡುತ್ತಾರೆ.

ಫೇಸ್‌ಬುಕ್ಕಿನಲ್ಲಿ ಮುಖಪುಟ ಹಾಕಿದರೆ ಸಾಕಲ್ಲವೇ ಎಂಬುದಕ್ಕೆ ಚಿಕ್ಕ ಉತ್ತರ: ಅಲ್ಲಿ ಬೀಳುವ ‘ಅಭಿನಂದನೆಗಳು ಸರ್’ಗಳಲ್ಲಿ ಎಷ್ಟು ಮಂದಿ ಕೊಂಡರು ಎಂದು ನಿಮ್ಮ ಪ್ರಕಾಶಕರನ್ನೇ ಕೇಳಿ. ಭಾನುವಾರ ಯಾವ ಅಂಗಡಿಯಲ್ಲಿ ಇರುತ್ತೀರಿ ಎಂದು ತಿಳಿಸಲು ಅದು ಒಳ್ಳೆಯ ಜಾಗ.

ಸಮ್ಮೇಳನದ ಮಳಿಗೆಯಲ್ಲಿ ಕೂತೂ ಪ್ರಯೋಜನವಾಗಲಿಲ್ಲ ಎಂದು ಬರೆದವರ ಅನುಭವ ಸುಳ್ಳಲ್ಲ. ಲೇಖಕರು ಮಳಿಗೆಯ ಮುಂದೆ ನಿಂತು ಹೋಗುವವರ ಕೈಗೆಲ್ಲ ಪುಸ್ತಕ ತುರುಕಿದರೆ ಜನ ಬಳಸಿಕೊಂಡು ಆಚೆ ಸಾಗುತ್ತಾರೆ. ಮೊದಲ ದಿನ ಬರುವುದು ಮೆರವಣಿಗೆಯ ಜನ. ಓಓಡಿ (ಅನ್ಯಕಾರ್ಯನಿಮಿತ್ತ) ಹಾಜರಾತಿ ಪ್ರಮಾಣಪತ್ರದ ಸಾಲಿನಲ್ಲಿರುವ ಮೇಷ್ಟ್ರುಗಳ ಗಮನವೂ ಆಗ ಪುಸ್ತಕದ ಮೇಲಿರುವುದಿಲ್ಲ. ಅದೇ ಮೇಷ್ಟ್ರು ಆ ಕೆಲಸ ಮುಗಿದ ಮೇಲೆ ಸಾವಧಾನವಾಗಿ ಬರುತ್ತಾರೆ, ಬೆನ್ನುಡಿ ಓದುತ್ತಾರೆ. ಆಗ ಒಳಗೆ ಕೂತ ಲೇಖಕರು ತಮ್ಮ ಪುಸ್ತಕದ ಮಾತು ಬಿಟ್ಟು ‘ನೀವು ಏನು ಓದುತ್ತೀರಿ?’ ಎಂದು ಕೇಳಬೇಕು. ಪಕ್ಕದವರ ಪುಸ್ತಕ ಹೊಗಳಿದ ಲೇಖಕರ ಪುಸ್ತಕವನ್ನೂ ಜನ ಸೇರಿಸಿ ಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಕೊನೆಯ ಪತ್ರ ರಾಯಚೂರು ಕಡೆಯದು. ಬೆಂಗಳೂರಿನವರಿಗೆ ಗಾಂಧಿಬಜಾರಿನ ಪುಸ್ತಕದಂಗಡಿಗಳಿವೆ, ನಮಗೇನಿದೆ? ಕೆಲಸಕ್ಕೆ ರಜೆ ಹಾಕಿ, ಬಸ್ ಚಾರ್ಜು ಕೊಟ್ಟು ಎಲ್ಲಿಗೆ ಹೋಗುವುದು? ನನ್ನನ್ನು ತಡೆದು ನಿಲ್ಲಿಸಿದ ಪ್ರಶ್ನೆ ಇದೊಂದೇ. ಪೂರ್ತಿ ಪರಿಹಾರ ನನ್ನಲ್ಲಿಲ್ಲ. ಆದರೆ ದೂರ ಹೋಗಬೇಕೆಂದು ನಾನು ಹೇಳುತ್ತಿಲ್ಲ. ತಾಲ್ಲೂಕಿನ ಕಾಲೇಜಿನಲ್ಲಿ ನಿಮ್ಮ ಪುಸ್ತಕ ಮೆಚ್ಚಿದ ಒಬ್ಬ ಕನ್ನಡ ಮೇಷ್ಟ್ರು ಇದ್ದರೆ ಸಾಕು. ಹತ್ತು ಪ್ರತಿಯನ್ನು ಒಂದು ತಿಂಗಳು ಮೊದಲೇ ಅವರಿಗೆ ಕೊಡಿ, ಮಕ್ಕಳು ಕೈಯಿಂದ ಕೈಗೆ ದಾಟಿಸಿಕೊಂಡು ಓದಲಿ, ಆಮೇಲೆ ನೀವು ಹೋಗಿ. ಓದಿದ ಹದಿನೈದು ಮಕ್ಕಳು ಕೇಳುವ ಪ್ರಶ್ನೆ ಓದದ ಮುನ್ನೂರು ಮಕ್ಕಳ ಚಪ್ಪಾಳೆಗಿಂತ ಮೇಲು. ಪ್ರಿನ್ಸಿಪಾಲರಿಗೆ ಹೇಳಿ ಪ್ರತಿ ವಿದ್ಯಾರ್ಥಿಗೂ ಒಂದೊಂದು ಪ್ರತಿ ಕಟ್ಟುವ ದಾರಿ ಮಾತ್ರ ಹಿಡಿಯಬೇಡಿ. ಆ ಮಕ್ಕಳು ಮತ್ತೆಂದೂ ನಿಮ್ಮ ಹೆಸರಿನ ಪುಸ್ತಕ ಮುಟ್ಟುವುದಿಲ್ಲ.

ಆಕ್ಷೇಪಿಸಿದ ಎಲ್ಲರಲ್ಲೂ ನನ್ನ ಬೇಡಿಕೆ ಇಷ್ಟೆ. ಮುಂದಿನ ಬಿಡುಗಡೆಯಲ್ಲಿ ಇಬ್ಬರು ಅತಿಥಿಗಳನ್ನು ಕಡಿಮೆ ಮಾಡಿ, ಆ ಹೊತ್ತನ್ನು ಓದಿಗೆ ಕೊಡಿ. ಆಹ್ವಾನಪತ್ರಿಕೆಯಲ್ಲಿ ಪುಸ್ತಕದ ಬೆಲೆ ಅಚ್ಚು ಹಾಕಿಸಿ. ಮೇಜನ್ನು ಕಾಫಿಯ ಪಕ್ಕಕ್ಕೆ ತನ್ನಿ. ಸಭೆಗೆ ಬರುವವರು ಗೌರವ ಪ್ರತಿ ಕೇಳದೆ ದುಡ್ಡು ಕೊಟ್ಟು ಕೊಳ್ಳಿ.