ವಿಮಾನಕ್ಕೆ ಶಾರ್ಕ್ ಚರ್ಮ: ಕಬ್ಬಿನ ಸೀಮೆಗೂ ಒಂದು ಲೆಕ್ಕ

ಜಮಖಂಡಿ, ಮುಧೋಳ, ಬೀಳಗಿ ಭಾಗದ ಕಬ್ಬು ಈಗ ಸಕ್ಕರೆಯಷ್ಟೇ ಅಲ್ಲ, ಎಥೆನಾಲ್ ಕೂಡ ಆಗುತ್ತಿದೆ. ಮುಂದೆ ಅದು ವಿಮಾನದ ಇಂಧನವೂ ಆದೀತೆಂಬ ನಿರೀಕ್ಷೆ ಇದೆ. ಅಂತಾರಾಷ್ಟ್ರೀಯ ಹಾರಾಟಗಳ ಇಂಧನದಲ್ಲಿ 2027ರಲ್ಲಿ ಶೇ. 1, 2028ರಲ್ಲಿ ಶೇ. 2, 2030ರಲ್ಲಿ ಶೇ. 5ರಷ್ಟು ಜೈವಿಕ ಮೂಲದ ಇಂಧನ ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರ ಹಾಕಿಕೊಂಡಿದೆ. ಆದರೆ ಕಬ್ಬನ್ನೂ ಕೃಷ್ಣಾ-ಘಟಪ್ರಭೆಯರ ನೀರನ್ನೂ ಬೇಡದ ಇನ್ನೊಂದು ಶೇ. 1 ಇದೆ. ಅದು ವಿಮಾನದ ಮೈಮೇಲೆಯೇ ಅಡಗಿದೆ.

ಮುಧೋಳ ನಾಯಿಯ ನುಣುಪು ಮೈ ಕಂಡವರಿಗೆ ವೇಗಕ್ಕೆ ನುಣುಪೇ ಬೇಕೆನಿಸುವುದು ಸಹಜ. ಶಾರ್ಕ್ ಮೀನಿನ ಚರ್ಮ ಮಾತ್ರ ಉಪ್ಪುಕಾಗದದಂತೆ ಒರಟು. ಅದರ ಸೂಕ್ಷ್ಮ ಹುರುಪೆಗಳ ಮೇಲೆ ಈಜುವ ದಿಕ್ಕಿಗೇ ಸಾಗುವ ಏಣುಗಳಿವೆ. ಇಂಥ ಏಣುಗಳನ್ನು ವಿಮಾನದ ಮೈಮೇಲೆ ಮೂಡಿಸಿದರೆ, ಮೈಗೆ ಹತ್ತಿದ ಗಾಳಿಯಲ್ಲೇಳುವ ಸಣ್ಣ ಸುಳಿಗಳು ತೋಡುಗಳೊಳಗೆ ಇಳಿಯಲಾರದೆ ತುದಿಗಳನ್ನಷ್ಟೇ ತಾಕುತ್ತವೆ. ಅಡ್ಡಡ್ಡ ಹೊಯ್ದಾಟಕ್ಕೂ ತಡೆ ಬೀಳುತ್ತದೆ. ಹೀಗೆ ಘರ್ಷಣೆ ತಗ್ಗುತ್ತದೆ. ಆದರೆ ಅಳತೆ ಮೀರಬಾರದು. ತೋಡು ದೊಡ್ಡದಾದರೆ ಸುಳಿ ಒಳಗಿಳಿದು ಘರ್ಷಣೆ ಹೆಚ್ಚಿಸುತ್ತದೆ. ಇಂದು ಬಳಕೆಯಲ್ಲಿರುವ ಏಣುಗಳ ಗಾತ್ರ ಸುಮಾರು 50 ಮೈಕ್ರೋಮೀಟರ್. ರಬಕವಿ-ಬನಹಟ್ಟಿಯ ಮಗ್ಗಗಳ ಸಾಮಾನ್ಯ ಹತ್ತಿ ನೂಲಿಗಿಂತಲೂ ಸಣ್ಣದು.

ಈ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ ಎಂಬುದು ಗಮನಾರ್ಹ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ (ಎನ್‌ಎಎಲ್) ಇಂಥ ಹಾಳೆಗಳನ್ನು ರೆಕ್ಕೆಯ ಮಾದರಿಗಳಿಗೆ ಅಂಟಿಸಿ ಗಾಳಿಸುರಂಗದಲ್ಲಿ ಪರೀಕ್ಷಿಸಲಾಗಿತ್ತು. ಅಲ್ಲಿನ ವಿಜ್ಞಾನಿ ಪಿ.ಆರ್. ವಿಶ್ವನಾಥ್ 2002ರಲ್ಲಿ ಪ್ರಕಟಿಸಿದ ಸಮೀಕ್ಷಾ ಲೇಖನವು, ಅನುಕೂಲ ಸ್ಥಿತಿಯಲ್ಲಿ ಮೇಲ್ಮೈ ಘರ್ಷಣೆ ಶೇ. 4ರಿಂದ 8ರಷ್ಟು ಇಳಿಯುತ್ತದೆಂದು ತೋರಿಸಿತು. ಈ ವಿಷಯದಲ್ಲಿ ಜಗತ್ತಿನ ಸಂಶೋಧಕರು ಇಂದಿಗೂ ಉಲ್ಲೇಖಿಸುವ ಬರಹಗಳಲ್ಲಿ ಅದೂ ಒಂದು.

ಸರಕು ಮಾತ್ರ ಬಂದದ್ದು ಜರ್ಮನಿಯಿಂದ. ಲುಫ್ತಾನ್ಸಾ ಟೆಕ್ನಿಕ್ ಮತ್ತು ಬಿಎಎಸ್‌ಎಫ್ ಕೂಡಿ ರೂಪಿಸಿದ 'ಏರೋಶಾರ್ಕ್' ಹಾಳೆಯನ್ನು ಸ್ವಿಸ್ ವಿಮಾನಸಂಸ್ಥೆಯು 2022ರಲ್ಲಿ ತನ್ನ ಬೋಯಿಂಗ್ 777ಕ್ಕೆ ಹೊದಿಸಿತು. ಒಂದು ವಿಮಾನಕ್ಕೆ ಸುಮಾರು 950 ಚದರ ಮೀಟರ್. ಉಳಿತಾಯ ಶೇ. 1.1, ಹನ್ನೆರಡು ವಿಮಾನಗಳಿಂದ ವರ್ಷಕ್ಕೆ 4,800 ಟನ್ ಇಂಧನ ಎಂಬುದು ಸಂಸ್ಥೆಯ ಅಂದಾಜು.

ಹಾಗೆಂದು ಇದೇನು ಮಂತ್ರದಂಡವಲ್ಲ. ಪ್ರತಿ ಮಾದರಿಯ ವಿಮಾನಕ್ಕೂ ಪ್ರತ್ಯೇಕ ಸುರಕ್ಷತಾ ಒಪ್ಪಿಗೆ ಬೇಕು. ದೂರದ ಹಾರಾಟಗಳಲ್ಲಿ ಸಿಗುವ ಲಾಭ, ಭಾರತದಲ್ಲಿ ಹೆಚ್ಚಾಗಿರುವ ಎ-320 ವರ್ಗದ ವಿಮಾನಗಳ ಕಿರು ಪಯಣದಲ್ಲಿ ಅಷ್ಟಾಗಿ ಸಿಗದು. ಬೆರಕೆಯ ಶೇ. 1ಕ್ಕೂ ಉಳಿತಾಯದ ಶೇ. 1ಕ್ಕೂ ಲೆಕ್ಕದ ಬುಡ ಬೇರೆ ಎಂಬುದೂ ನಿಜ. ಆದರೂ ಒಂದು ಲೀಟರ್ ವಿಮಾನ ಇಂಧನಕ್ಕೆ ಒಂದು ಲೀಟರಿಗಿಂತ ಹೆಚ್ಚು ಎಥೆನಾಲ್ ಬೇಕು. ಆ ಎಥೆನಾಲ್‌ಗೆ ಕಬ್ಬು, ಕಬ್ಬಿಗೆ ನೀರು. ಬೇಸಿಗೆಯಲ್ಲಿ ನದಿ ಬತ್ತಿದಾಗ ಮಹಾರಾಷ್ಟ್ರದ ಕೊಯ್ನಾ ನೀರಿಗಾಗಿ ಕೈಯೊಡ್ಡುವ ಸೀಮೆಗೆ ಈ ಲೆಕ್ಕ ದೂರದ್ದಲ್ಲ. ಬೆರಕೆಗೆ ಇಸವಿವಾರು ಗುರಿ ನಿಗದಿ ಮಾಡಿದ ಸರ್ಕಾರವು, ಇಂಧನ ಉಳಿಸುವ ಮೇಲ್ಮೈಗಳಿಗೂ ಅಂಥದೊಂದು ಗುರಿ ಇಟ್ಟು ಎನ್‌ಎಎಲ್‌ಗೆ ಆ ಕೆಲಸ ವಹಿಸಬಹುದು.